ಹಿಡಿ ಅಕ್ಕಿಯ ಸಂಘ

ತೆಲುಗು ನಾಡಿಗೆ ಬಂದು ನೆಲಸಿದ ನಮ್ಮವರಿಗೆ ಮೊದಮೊದಲು ಒಂದು ಮಾತು ವಿಚಿತ್ರವಾಗಿ ಕೇಳಿಸುತ್ತದೆ. ಇಲ್ಲಿಯ ಕ್ರೈಸ್ತರು ತಮ್ಮ ಸಭೆಯನ್ನು ‘ಸಂಘ’ವೆಂದು ಕರೆಯುತ್ತಾರೆ. ನಾವು ಸಭಾಪಾಲಕರೆನ್ನುವವರು ಇವರಿಗೆ ‘ಸಂಘ ಕಾಪರಿ’. ಎಂದರೆ ಸಂಘವೆಂಬ ಮಂದೆಯನ್ನು ಕಾಯುವವರು. ಅವರ ಸಂಘ ಬೇರೆ, ನಮ್ಮ ಕನ್ನಡ ಸಂಘ ಬೇರೆ, ನಿಜ. ಆದರೆ ಸಂಘವನ್ನು ಕಟ್ಟಿ ಉಳಿಸುವ ಕಷ್ಟ ಇಬ್ಬರಿಗೂ ಒಂದೇ. ಆದಕಾರಣ ಈ ಸಲ ವಿಶಾಖಪಟ್ಟಣ, ವಿಜಯವಾಡಗಳ ಬೀದಿಬೀದಿಯಲ್ಲಿ ಕಾಣುವ ಚಿಕ್ಕ ಸಭೆಗಳ ವಿಚಾರವಾಗಿ ನಾಲ್ಕು ಮಾತು ಬರೆಯುತ್ತೇನೆ.

ಇವು ಗೋಪುರವೆದ್ದ ದೇವಾಲಯಗಳಲ್ಲ. ಬಾಡಿಗೆಯ ಒಂದು ಮಹಡಿ, ಇಲ್ಲವೆ ತಗಡಿನ ಚಾವಣಿ; ಕೆಳಗೆ ಚಾಪೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಭಾನುವಾರ ಆರಾಧನೆ, ವಾರದ ನಡುವೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ. ವಿಜಯವಾಡದ ಗುಣದಲ ಬೆಟ್ಟದಲ್ಲಿ ವರ್ಷವರ್ಷವೂ ಫೆಬ್ರವರಿ ತಿಂಗಳಲ್ಲಿ ನಡೆಯುವ ಮೇರಿಮಾತೆಯ ಉತ್ಸವಕ್ಕೆ ಬರುವ ಜನಸಾಗರವೇ ಬೇರೆ. ಉತ್ಸವ ಮುಗಿಯಿತೆಂದರೆ ಅವರವರ ದಾರಿ ಅವರವರಿಗೆ. ಬೀದಿಯ ಸಭೆಗೆ ಆ ಸೌಲಭ್ಯವಿಲ್ಲ. ಅಲ್ಲಿ ಭಾನುವಾರ ಪಕ್ಕದಲ್ಲಿ ಕುಳಿತವರೇ ಸೋಮವಾರ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿರುತ್ತಾರೆ. ಅವರ ನಂಬಿಕೆಗೆ ಪರೀಕ್ಷೆ ನಡೆಯುವುದು ಆ ಸೋಮವಾರದಲ್ಲಿ.

ವಿಶಾಖಪಟ್ಟಣದಲ್ಲಿ ಈ ಕೆಲಸ ಹಳೆಯದು. ಲಂಡನ್ ಮಿಷನ್ನಿನ ಜಾರ್ಜ್ ಕ್ರಾನ್ ಮತ್ತು ಅಗಸ್ಟಸ್ ದೆ ಗ್ರಾಂಜ್ ಎಂಬಿಬ್ಬರು 1805ರಲ್ಲಿ ಇಲ್ಲಿಗೆ ಬಂದರು. ಆನಂದರಾಯರೆಂಬ ಬ್ರಾಹ್ಮಣ ಕ್ರೈಸ್ತರ ನೆರವಿನಿಂದ ಸುವಾರ್ತೆಗಳನ್ನು ತೆಲುಗಿಗೆ ತರಲು ಕುಳಿತರು. ಕ್ರಾನ್ 1809ರಲ್ಲಿ, ದೆ ಗ್ರಾಂಜ್ 1810ರಲ್ಲಿ ತೀರಿಕೊಂಡರು. ಅದೇ 1810ರಲ್ಲಿ ಅದೇ ಮಿಷನ್ನಿನ ಜಾನ್ ಹ್ಯಾಂಡ್ಸ್ ನಮ್ಮ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದರು. ಕಡಲತೀರದ ಈ ಊರಿಗೂ ಬಳ್ಳಾರಿಗೂ ಹೀಗೊಂದು ನಂಟುಂಟು. ಎರಡು ಕಡೆಯೂ ಮೊದಲು ಕಲಿತದ್ದು ಮನೆಯ ಮಾತು. ಜನರು ಅಳುವ, ನಗುವ, ಮಕ್ಕಳನ್ನು ಗದರಿಸುವ ಮಾತಿನಲ್ಲಿ ಹೇಳದ ಬೋಧನೆ ಒಳಗೆ ಇಳಿಯುವುದಿಲ್ಲವೆಂಬುದನ್ನು ಅವರು ಕಂಡುಕೊಂಡಿದ್ದರು.

ಮಾತು ಕಲಿತರೆ ಸಾಲದು. ಹೊಸ ಮತಕ್ಕೆ ಸೇರಿದವನು ಮನೆ, ಬಂಧುಬಳಗ, ಕುಲಕಸುಬುಗಳನ್ನು ಕಳೆದುಕೊಂಡು ಬರುವುದು ಸಾಮಾನ್ಯವಾಗಿತ್ತು. ಅವನ ಗತಿಯೇನು? 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಈ ಪ್ರಶ್ನೆ ಎದುರಾಯಿತು. ಅವರು ಮಗ್ಗಗಳನ್ನು ಹಾಕಿಸಿದರು. 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಸಾವಿರಾರು ಮಂದಿಗೆ ಅನ್ನವಾಯಿತು. ಆದರೆ ಮೊದಲನೆಯ ಮಹಾಯುದ್ಧ ಬಂದಾಗ ಆಂಗ್ಲ ಸರ್ಕಾರ ಆ ಉದ್ಯಮಗಳನ್ನು ವಶಪಡಿಸಿಕೊಂಡು ಬೇರೆಯವರ ಕೈಗೆ ಕೊಟ್ಟಿತು. ಮೇಲಿನಿಂದ ಬಂದ ಆಸರೆ ಮೇಲಿನವರ ಜಗಳದಲ್ಲಿ ಕೈಬದಲಾಯಿಸಿತು.

ಇನ್ನೊಂದು ದಾರಿಯನ್ನು ಹಿಡಿದವರು ವಿ. ಎಸ್. ಅಜರಯ್ಯನವರು. ತಿರುನೆಲ್ವೇಲಿ ಸೀಮೆಯ ತಮಿಳರು. ನಮ್ಮ ಹಾಗೆಯೇ ಪರಸ್ಥಳದವರು. 1909ರಲ್ಲಿ ದೋರ್ನಕಲ್ಲಿಗೆ ಬಂದು ತೆಲುಗು ಕಲಿತು, 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲನೆಯ ಭಾರತೀಯ ಬಿಷಪ್ಪರಾದರು. ಮುಂದೆ ಕೃಷ್ಣಾ ಸೀಮೆಯ ಸಭೆಗಳೂ ಅವರ ಆಡಳಿತಕ್ಕೆ ಸೇರಿದವು. ದೀಕ್ಷಾಸ್ನಾನ ಹೊಂದಿದವರು ತಮ್ಮ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು, ಕೇಳಿದ ಸುವಾರ್ತೆಯನ್ನು ತಾವೂ ಸಾರುವೆವೆಂದು ಆಣೆ ಮಾಡಬೇಕಿತ್ತು. ಶಿಷ್ಯನೆಂದರೆ ಕೇಳಿ ಎದ್ದುಹೋಗುವವನಲ್ಲ. ಮತ್ತೊಬ್ಬನಿಗೆ ಕಲಿಸುವ ಹೊಣೆ ಹೊತ್ತವನು. ಹಳ್ಳಿಯ ಹೆಂಗಸರು ಅಡಿಗೆಗೆ ಅಕ್ಕಿ ಅಳೆಯುವಾಗ ಸಭೆಗೆಂದು ಒಂದು ಹಿಡಿಯನ್ನು ತೆಗೆದಿಡುತ್ತಿದ್ದರು. ನಮ್ಮ ಕಡೆ ವಾರಾನ್ನ ಹಾಕಿ ಬಡಹುಡುಗರನ್ನು ಓದಿಸುತ್ತಿದ್ದ ಮನೆಗಳಿಗೆ ಈ ಹಿಡಿಯ ಬೆಲೆ ಗೊತ್ತು. ಅದು ಚಿಕ್ಕದು, ಆದರೆ ಯಾವ ಸರ್ಕಾರವೂ ಜಪ್ತಿ ಮಾಡಲಾರದು.

ಈಗಿನ ಸಭೆಗಳಿಗೂ ಆ ಹಿಡಿ ಅಕ್ಕಿ ಬೇಕಾಗಿದೆ. ನಾನು ಕಡತಗಳ ನಡುವೆ ಬದುಕುವ ಗುಮಾಸ್ತ. ಆದ್ದರಿಂದ ಕಡತದ ಮಾತನ್ನೇ ಹೇಳುತ್ತೇನೆ. ಪರಿಶಿಷ್ಟ ಜಾತಿಗಳ ಬಗೆಗಿನ 1950ರ ರಾಷ್ಟ್ರಪತಿಗಳ ಆದೇಶ ಮೊದಲು ಹಿಂದೂಗಳಿಗೆ ಮಾತ್ರ ಅನ್ವಯಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು. ಕ್ರೈಸ್ತರು ಹೊರಗುಳಿದರು. ಆಂಧ್ರದಲ್ಲಿ ಪರಿಶಿಷ್ಟ ಜಾತಿಗಳಿಗೆ ನೂರಕ್ಕೆ 15ರ ಮೀಸಲಾತಿ ಇದ್ದರೆ, ಆ ಜಾತಿಗಳಿಂದ ಕ್ರೈಸ್ತರಾದವರಿಗೆ ಹಿಂದುಳಿದ ವರ್ಗದ ‘ಸಿ’ ಗುಂಪಿನಲ್ಲಿ ನೂರಕ್ಕೆ 1. ಮತ ಬದಲಾದರೆ ಬಡತನವಾಗಲಿ, ನೆರೆಯವರ ತಾತ್ಸಾರವಾಗಲಿ ಬದಲಾಗುವುದಿಲ್ಲ. ಹೀಗಿರುವಾಗ, ಭಾನುವಾರ ಕೈಯೆತ್ತಿ ಹಾಡುವ ತಾಯಿ ಮಗನ ಕಾಲೇಜಿನ ಅರ್ಜಿಯಲ್ಲಿ ಮತದ ಕಲಮಿಗೆ ಬಂದಾಗ ಲೇಖನಿಯನ್ನು ತಡೆದರೆ, ಅವಳನ್ನು ಸುಳ್ಳಳೆಂದು ಜರೆಯುವುದು ಸುಲಭ. ಅವಳ ಮಗನ ಶುಲ್ಕಕ್ಕೆ ಸಭೆಯಿಂದ ಎಷ್ಟು ಸೇರಿತೆಂದು ಕೇಳುವುದು ಕಷ್ಟ. ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದವರು ಮೊದಲನೆಯ ಮಾತನ್ನು ಆಡದಿರುವುದೇ ಲೇಸು.

ಇದಕ್ಕಿಂತ ನೋವಿನ ವಿಷಯ ಒಳಗಿನದು. ವಿಜಯವಾಡದ ಸುತ್ತಿನ ಸೀಮೆಯಲ್ಲಿ ಸುವಾರ್ತೆಯನ್ನು ಮೊದಲು ಹಬ್ಬಿಸಿದವರು ತುಳಿತಕ್ಕೊಳಗಾದವರೇ. ರಾಘವಾಪುರದ ಮಾಲ ಮುಖಂಡ ವೆಂಕಯ್ಯನವರು 1859ರಲ್ಲಿ ಡಾರ್ಲಿಂಗ್ ಎಂಬ ಮಿಷನರಿಯಿಂದ ದೀಕ್ಷಾಸ್ನಾನ ಹೊಂದಿ ತಮ್ಮ ನೆಂಟರಿಷ್ಟರಿಗೆಲ್ಲ ಸಾರಿದರು. ಆದರೆ ನಂಟಿನ ದಾರಿಯಲ್ಲಿ ಬಂದದ್ದು ನಂಟಿನ ಬೇಲಿಯೊಳಗೇ ನಿಂತುಬಿಡುವುದುಂಟು. ಮಾಲರ ಸಭೆ ಒಂದು, ಮಾದಿಗರ ಸಭೆ ಇನ್ನೊಂದು ಎಂಬ ಹಳ್ಳಿಗಳು ಇಂದಿಗೂ ಇವೆ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಸಮುದ್ರದಾಚೆಯ ಪಂಗಡಗಳನ್ನು ಒಂದುಗೂಡಿಸುವುದು ಸಾಧ್ಯವಾಯಿತು. ಒಂದೇ ಊರಿನ ಎರಡು ಕೇರಿಗಳದು ಇನ್ನೂ ಉಳಿದಿದೆ. ಈ ವಿಷಯದಲ್ಲಿ ಪಟ್ಟಣದ ಬೀದಿಯ ಸಭೆಗೆ ಒಂದು ಅನುಕೂಲವಿದೆ. ಬಂದರಿನ ಕೂಲಿ, ಉಕ್ಕಿನ ಕಾರ್ಖಾನೆಯ ಕೆಲಸಗಾರ, ಬೇರೆ ನಾಡಿನಿಂದ ಬಂದ ಸಂಸಾರ, ಎಲ್ಲರೂ ಒಂದೇ ಚಾಪೆಯ ಮೇಲೆ ಕೂರುವ ಅವಕಾಶ ಅಲ್ಲುಂಟು. ಆ ಚಾಪೆಯಿಂದೆದ್ದು ಒಬ್ಬರ ಮನೆಯಲ್ಲೊಬ್ಬರು ಊಟಕ್ಕೆ ಕುಳಿತ ದಿನ ಆ ಸಭೆ ನಿಜವಾಗಿ ಬೇರೂರಿತೆನ್ನಬಹುದು.

ವಾಚಕರಲ್ಲಿ ಕ್ರೈಸ್ತ ಮನೆತನಗಳೂ ಇವೆ, ಅನ್ಯರೂ ಇದ್ದಾರೆ. ಊರು ಬಿಟ್ಟು ಬಂದ ನಮಗೆಲ್ಲ, ಬಳಗವನ್ನು ಕಳೆದುಕೊಂಡು ಹೊಸ ಬಳಗವನ್ನು ಹುಡುಕುವುದೆಂದರೇನೆಂಬುದು ಗೊತ್ತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರೂ ಸಂಘದವರಾಗುವುದಿಲ್ಲ. ಮೂರು ವಾರ ಮುಖ ಕಾಣದವರ ಮನೆಯ ಬಾಗಿಲನ್ನು ಯಾರಾದರೂ ಹೋಗಿ ತಟ್ಟಬೇಕು. ಅವರ ಸಂಘಕ್ಕೂ ಈ ಮಾತು ಸಲ್ಲುತ್ತದೆ, ನಮ್ಮ ಸಂಘಕ್ಕೂ ಸಲ್ಲುತ್ತದೆ.