ಕೆಸರಿನ ಬೆಲೆ

ಶಾಲೆಯ ಪ್ರವಾಸವೆಂದರೆ ಕೋಟೆ, ಗುಹೆ, ಜಲಾಶಯಗಳ ಹೆಸರು ಕೇಳಿಬರುವುದು ವಾಡಿಕೆ. ಮುಂಬಯಿಯ ಮಗ್ಗುಲಲ್ಲೇ ಇರುವ ಠಾಣೆ ಖಾಡಿಯ ಫ್ಲೆಮಿಂಗೊ ಪಕ್ಷಿಧಾಮವನ್ನು ಹೆಸರಿಸುವವರು ವಿರಳ. ಅಲ್ಲಿ ಕೆಸರಲ್ಲದೆ ಇನ್ನೇನಿದೆ ಎಂಬುದು ಹಲವರ ಆಕ್ಷೇಪ. ಆ ಕೆಸರನ್ನು ಕಾಣಲೆಂದೇ ನಾವು ಹೋಗಬೇಕೆಂಬುದು ನನ್ನ ಅಭಿಪ್ರಾಯ.

ಚಳಿಗಾಲದಿಂದ ಬೇಸಗೆಯವರೆಗೆ ಸಾವಿರಾರು ಫ್ಲೆಮಿಂಗೊಗಳು, ನಮ್ಮವರು ರಾಜಹಂಸವೆಂದು ಕರೆಯುವ ಹಕ್ಕಿಗಳು, ಇಲ್ಲಿ ತಂಗುತ್ತವೆ. ತಲೆಕೆಳಗಾಗಿ ಬಾಗಿ, ಕೊಕ್ಕಿನಿಂದ ಕೆಸರುನೀರನ್ನು ಸೋಸಿ, ಪಾಚಿಯನ್ನೂ ಸಣ್ಣ ಜೀವಿಗಳನ್ನೂ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣವು ಆ ಆಹಾರದಿಂದಲೇ ಬಂದುದು. ದಂಡೆಯ ಕಾಂಡ್ಲಾ ಗಿಡಗಳಾದರೋ ಬೇರುಗಳಿಂದ ಮಣ್ಣನ್ನು ಹಿಡಿದು ಅಲೆಗಳ ರಭಸವನ್ನು ತಗ್ಗಿಸುತ್ತವೆ, ಮೀನುಮರಿಗಳಿಗೆ ಆಸರೆಯಾಗುತ್ತವೆ. ಬೆಸ್ತರಿಗೆ ಈ ಖಾಡಿಯೇ ಹೊಲ.

2015ರಲ್ಲಿ ಸರಕಾರವು ಇದನ್ನು ರಕ್ಷಿತ ಧಾಮವೆಂದು ಘೋಷಿಸಿತು. 2022ರಲ್ಲಿ ಇದು ರಾಮ್ಸಾರ್ ಒಪ್ಪಂದದ ಪಟ್ಟಿಯನ್ನೂ ಸೇರಿತು. ಆದರೆ ಹಕ್ಕಿಗಳು ಧಾಮದ ಎಲ್ಲೆಯನ್ನು ಅರಿಯವು. ಉಬ್ಬರದಲ್ಲಿ ಖಾಡಿ ತುಂಬಿದಾಗ ಅವು ನವಿ ಮುಂಬಯಿಯ ಜೌಗು ಹೊಂಡಗಳಿಗೆ ಹಾರಿ ಬರುತ್ತವೆ. ಅವನ್ನು ಬಂಜರು ಭೂಮಿಯೆಂದು ಮಣ್ಣು ತುಂಬಿ ಮುಚ್ಚಿದರೆ ಧಾಮವೊಂದೇ ಹಕ್ಕಿಗಳನ್ನು ಉಳಿಸಲಾರದು.

ವಿದ್ಯಾರ್ಥಿ ಮಿತ್ರರೇ, ಕಣ್ಣಾರೆ ಕಾಣದುದರ ಮೇಲೆ ಮಮತೆ ಹುಟ್ಟದು. ನಾಳೆ ಈ ನಗರದ ನಕ್ಷೆಯನ್ನು ಬರೆಯುವವರು ನಮ್ಮಲ್ಲಿಯೇ ಇರಬಹುದು. ಮುಂದಿನ ಪ್ರವಾಸವು ಖಾಡಿಗೇ ಆಗಲಿ. ಗದ್ದಲ ಮಾಡದೆ, ಕಸ ಚೆಲ್ಲದೆ ನೋಡಿ ಬರೋಣ.