ನೂರು ಅಂದ್ರೆ ಇನ್ನೂರು ಓಡಿದ ಮೆಷಿನ್ನು

ರಾಜ್ಯೋತ್ಸವಕ್ಕೆ ಕನ್ನಡ ಸಂಘದ ಬಾಗಿಲಿಗೊಂದು ಮರದ ನಾಮಫಲಕ ಬೇಕು ಅಂತ ಕೇಳಿದ್ದು ನಾವೇ. ಫ್ಲೆಕ್ಸ್ ಬೇಡ, ಥರ್ಮೋಕೋಲ್ ಅಕ್ಷರ ಬೇಡ, ವರ್ಕ್‌ಶಾಪಿಗೆ ಹೊಸ ಸಿಎನ್‌ಸಿ ರೌಟರ್ ಬಂದಿದೆಯಲ್ಲ, ಅದರಲ್ಲೇ ಕೆತ್ತೋಣ ಅಂತ ನಮ್ಮೊಳಗಿನ ಮೆಕ್ಯಾನಿಕಲ್‌ನವರು ಎದೆ ತಟ್ಟಿ ಹೇಳಿದರು. ಎಂಡಿಎಫ್ ಹಲಗೆ ಬಂತು, ಡಿಸೈನ್ ಆಯ್ತು, ಮೆಷಿನ್ ಶುರುವಾಯ್ತು. 'ಕ' ಅಗಲದಲ್ಲಿ ಸರಿಯಾಗಿತ್ತು, ಎತ್ತರದಲ್ಲಿ ಎರಡರಷ್ಟು. ರಬ್ಬರ್ ಬ್ಯಾಂಡ್ ಎಳೆದಂಗೆ ಉದ್ದಕ್ಕೆ ನಿಂತಿತ್ತು. 'ನ್ನ' ಕೆತ್ತೋಕೆ ಹೋದಾಗ ಕಟರ್ ಹಲಗೆ ದಾಟಿ ಕ್ಲ್ಯಾಂಪಿನ ಕಡೆಗೇ ನುಗ್ಗಿತು. ಯಾರೋ ಓಡಿಹೋಗಿ ಕೆಂಪು ಗುಂಡಿ ಒತ್ತಿದ್ದಕ್ಕೆ ಕಟರ್ ಉಳಿಯಿತು.

ಮರುದಿನ ಮೆಷಿನ್ ಮೇಲೆ ಒಂದು ಚೀಟಿ ಅಂಟಿಸಿದ್ದರು. 'ಮುಟ್ಟಬೇಡಿ. ಸರ್ವಿಸ್ ಇಂಜಿನಿಯರ್ ಬರುತ್ತಾರೆ.'

ಆ ಚೀಟಿ ತಪ್ಪು ಅನ್ನೋದು ನಮ್ಮ ವಾದ. ಹೊಸ ಮೆಷಿನ್ ಹೇಳಿದ ಮಾತು ಕೇಳದೇ ಇರುವ ಮೊದಲ ಕೆಲವು ವಾರಗಳಿಗಿಂತ ಒಳ್ಳೆಯ ಲ್ಯಾಬ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಇನ್ನೊಂದಿಲ್ಲ. ನಾವು ಅದನ್ನೇ ಬೀಗ ಹಾಕಿ ಸರ್ವಿಸ್‌ನವರಿಗೆ ಎತ್ತಿಡ್ತೀವಿ. ಈ ವಾದ ಮಾಡೋಕೆ ನಮಗೆಷ್ಟು ಮುಖ ಇದೆ ಅಂತ ನೀವು ಕೇಳಬಹುದು. ಒಂದು ಡ್ರೈವರ್ ಸುಟ್ಟವರು ನಾವೇ. ಅದನ್ನೂ ಮುಚ್ಚಿಡದೆ ಹೇಳ್ತೀವಿ, ಸ್ವಲ್ಪ ತಾಳಿ.

ಚೀಟಿ ಅಂಟಿದ ಮೇಲೂ ನಮ್ಮನ್ನು ಒಳಗೆ ಬಿಟ್ಟವರು ವರ್ಕ್‌ಶಾಪಿನ ಇನ್‌ಸ್ಟ್ರಕ್ಟರ್ ಸರ್. ಶನಿವಾರ ಮಧ್ಯಾಹ್ನ, ಸ್ಪಿಂಡಲ್‌ಗೆ ಕರೆಂಟ್ ಕೊಡಲ್ಲ ಅನ್ನೋ ಕರಾರಿನ ಮೇಲೆ. ಅಷ್ಟರಲ್ಲಿ ನಾವು ಮಾಡಬಾರದ್ದೆಲ್ಲ ಮಾಡಿ ಮುಗಿಸಿದ್ದೆವು. ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದೆವು, ಯುಎಸ್‌ಬಿ ಕೇಬಲ್ ಬದಲಿಸಿದ್ದೆವು, ಬೇರೆ ಲ್ಯಾಪ್‌ಟಾಪ್ ತಂದಿದ್ದೆವು. ಕೊನೆಗೆ ನಮ್ಮಲ್ಲೊಬ್ಬ, 'ವೈ ಎರಡರಷ್ಟು ಓಡ್ತಿದೆ ತಾನೆ? ಸೆಟ್ಟಿಂಗ್‌ನಲ್ಲಿ 320 ಇರೋದನ್ನ 160 ಮಾಡು, ಮುಗೀತು' ಅಂದ. ಸರ್ ತಡೆದರು. 'ಮಾಡಪ್ಪ, ಬೇಡ ಅನ್ನಲ್ಲ. ಯಾಕೆ ಅರ್ಧ ಅಂತ ಮೊದ್ಲು ಹೇಳು.' ಯಾರ ಬಾಯಲ್ಲೂ ಉತ್ತರ ಇರಲಿಲ್ಲ.

ಆ ಯಾಕೆಯ ಹಿಂದೆ ಹೋದದ್ದಕ್ಕೇ ಈ ಬರಹ. ನಮ್ಮ ರೌಟರ್‌ನಲ್ಲಿರೋದು ಸಾಮಾನ್ಯ ಸ್ಟೆಪ್ಪರ್ ಮೋಟರ್. ಒಂದು ಹೆಜ್ಜೆಗೆ 1.8 ಡಿಗ್ರಿ, ಪೂರ್ತಿ ಒಂದು ಸುತ್ತಿಗೆ 200 ಹೆಜ್ಜೆ. ಡ್ರೈವರ್ ಪ್ರತಿ ಹೆಜ್ಜೆಯನ್ನೂ ಎಂಟು ಚೂರು ಮಾಡುತ್ತೆ, ಹಾಗಾಗಿ ಸುತ್ತಿಗೆ 1600 ಪಲ್ಸ್. ಮೋಟರ್ ತಿರುಗಿಸುವ ಬಾಲ್ ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಮುಂದೆ ತಳ್ಳಿದರೆ, ಒಂದು ಮಿ.ಮೀ.ಗೆ 320 ಪಲ್ಸ್. ಕಂಟ್ರೋಲರ್‌ನಲ್ಲಿ ಬರೆದಿದ್ದ 320 ಬಂದದ್ದು ಹೀಗೆ. ಇಷ್ಟು ಲೆಕ್ಕ ಹೈಸ್ಕೂಲ್ ಹುಡುಗರೂ ಮಾಡ್ತಾರೆ. ಆದರೆ ಆರು ಸೆಮಿಸ್ಟರ್ ಮುಗಿಸಿದ ನಾವು ಆ ಶನಿವಾರದ ತನಕ ಮಾಡಿರಲಿಲ್ಲ.

ಸರ್ ಮೋಟರ್ ಮತ್ತು ಸ್ಕ್ರೂ ಸೇರುವ ಕಪ್ಲಿಂಗ್ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದರು. 'ಈಗ 10 ಮಿ.ಮೀ. ಓಡ್ಸಿ, ಸುತ್ತು ಎಣಿಸಿ.' 10 ಮಿ.ಮೀ. ಅಂದರೆ 3200 ಪಲ್ಸ್, ಅಂದರೆ ಎರಡು ಸುತ್ತು. ಕಪ್ಲಿಂಗ್ ಸರಿಯಾಗಿ ಎರಡೇ ಸುತ್ತು ತಿರುಗಿತು. ಆದರೆ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಗ್ಯಾಂಟ್ರಿ ಹೋಗಿದ್ದು 20 ಮಿ.ಮೀ. ಅಲ್ಲಿಗೆ ಕಂಟ್ರೋಲರ್, ಡ್ರೈವರ್, ಕೇಬಲ್, ಮೋಟರ್ ಎಲ್ಲರೂ ನಿರಪರಾಧಿಗಳು. ತಪ್ಪಿತಸ್ಥ ಸ್ಕ್ರೂ. ಬೆಡ್ ಕೆಳಗೆ ಟಾರ್ಚ್ ಹಿಡಿದು ಇಣುಕಿದರೆ ಎಕ್ಸ್‌ಗೆ ಹಾಕಿದ್ದು ಸುತ್ತಿಗೆ 5 ಮಿ.ಮೀ. ಹೋಗುವ 1605, ವೈಗೆ ಹಾಕಿದ್ದು ಸುತ್ತಿಗೆ 10 ಮಿ.ಮೀ. ಹೋಗುವ 1610. ಎರಡೂ 16 ಮಿ.ಮೀ. ದಪ್ಪ, ದೂರದಿಂದ ಅವಳಿ ಜವಳಿ. ಜೋಡಿಸಿಕೊಟ್ಟವರು ಎರಡಕ್ಕೂ ಒಂದೇ ಅಂಕಿ ಬರೆದು ಹೋಗಿದ್ದರು.

ಹಾಗಾದರೆ 160 ಅಂದವನು ಹೇಳಿದ್ದೇ ಸರಿ ಆಯ್ತಲ್ಲ ಅಂತ ನೀವು ನಗಬಹುದು. ನಾವೂ ನಕ್ಕೆವು. ಆದರೆ ಕಪ್ಲಿಂಗ್ ಎರಡರ ಬದಲು ನಾಲ್ಕು ಸುತ್ತು ತಿರುಗಿದ್ದಿದ್ದರೆ? ಆಗ ತಪ್ಪು ಡ್ರೈವರ್ ಪಕ್ಕದ ಪುಟ್ಟ ಸ್ವಿಚ್‌ಗಳಲ್ಲಿ ಇರ್ತಿತ್ತು, ಹೆಜ್ಜೆಯನ್ನು ಎಂಟರ ಬದಲು ನಾಲ್ಕೇ ಚೂರು ಮಾಡ್ತಿತ್ತು. ಆಗಲೂ 160 ಅಂತ ಬರೆದರೆ ಅಳತೆ ಸರಿಹೋಗ್ತಿತ್ತು, ಕಾಯಿಲೆ ಮಾತ್ರ ಒಳಗೇ ಉಳೀತಿತ್ತು. ಮುಂದೆ ಯಾರಾದರೂ ಸ್ವಿಚ್ ಸರಿ ಮಾಡಿದ ದಿನ ಎಲ್ಲ ಅಳತೆಯೂ ಅರ್ಧಕ್ಕೆ ಇಳೀತಿತ್ತು, ಯಾಕೆ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲ.

ತಪ್ಪಿನ ಅಳತೆಯೇ ತಪ್ಪಿನ ವಿಳಾಸ ಹೇಳುತ್ತೆ ಅನ್ನೋದು ನಮಗೆ ಗೊತ್ತಾಗಿದ್ದು ಆವತ್ತು. 25.4 ಪಟ್ಟು ತಪ್ಪಿದ್ದರೆ ಫೈಲ್ ಇಂಚಿನಲ್ಲೋ ಮಿ.ಮೀ.ನಲ್ಲೋ ಗಲಿಬಿಲಿಯಾಗಿದೆ, ಜಿ20 ಮತ್ತು ಜಿ21 ನೋಡಬೇಕು. ಎರಡು, ನಾಲ್ಕು ಪಟ್ಟು ತಪ್ಪಿದ್ದರೆ ಸ್ಕ್ರೂ ಅಥವಾ ಸ್ವಿಚ್. 100ಕ್ಕೆ ಒಂದು, 200ಕ್ಕೆ ಎರಡು ಅಂತ ದೂರದ ಜೊತೆಗೇ ತಪ್ಪು ಬೆಳೀತಿದ್ದರೆ ಪಲ್ಸ್ ಲೆಕ್ಕವನ್ನು ಸ್ವಲ್ಪ ತಿದ್ದಬೇಕು. ಎಷ್ಟೇ ದೂರ ಹೋದರೂ ದಿಕ್ಕು ಬದಲಿಸಿದಾಗ ಮಾತ್ರ ಅಷ್ಟೇ ತಪ್ಪು ಬಂದರೆ ಎಲ್ಲೋ ಸಡಿಲ ಇದೆ. ಒಮ್ಮೆ ಬಂದು ಒಮ್ಮೆ ಬರದಿದ್ದರೆ ಮೋಟರ್ ಹೆಜ್ಜೆ ತಪ್ಪುತ್ತಿದೆ. ಸ್ಟೆಪ್ಪರ್‌ನಲ್ಲಿ ಒಂದು ಗುಟ್ಟಿದೆ. ಕಂಟ್ರೋಲರ್ 'ಹೋಗು' ಅನ್ನುತ್ತೆ, ಹೋಯ್ತಾ ಅಂತ ತಿರುಗಿ ಕೇಳಲ್ಲ. ಪರದೆ ಮೇಲೆ 100 ಅಂತ ಕಂಡರೆ ಅದು ಕೊಟ್ಟ ಆಜ್ಞೆಯ ಲೆಕ್ಕ, ನಡೆದ ದಾರಿಯದಲ್ಲ. ನಾವು ಎರಡು ದಿನ ಆ ಪರದೆಯನ್ನೇ ನಂಬಿಕೊಂಡು ಕೂತಿದ್ದೆವು.

ಎರಡನೇ ಕಾಯಿಲೆ ಹೊರಬಂದಿದ್ದು ಕನ್ನಡ ಅಕ್ಷರದಿಂದ. ಟೆಸ್ಟ್ ಪೀಸ್ ಅಂತ ಚೌಕ ಕೆತ್ತಿದೆವು, ಚೆನ್ನಾಗಿತ್ತು. ಕಾಲೇಜಿನ ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆತ್ತಿದೆವು, ಪರವಾಗಿಲ್ಲ ಅನ್ನಿಸ್ತು. 'ಕನ್ನಡ ಸಂಘ' ಕೆತ್ತಿದಾಗ 'ಸಂ'ದ ಸೊನ್ನೆ ಎಡಕ್ಕೂ ಬಲಕ್ಕೂ ಚಪ್ಪಟೆ! ನೇರ ಗೆರೆಗಳಲ್ಲಿ ಸಡಿಲ ಅಡಗಿಕೊಳ್ಳುತ್ತೆ. ಸೊನ್ನೆಯಲ್ಲಿ ಎಡ ತುದಿ, ಬಲ ತುದಿ ಎರಡೂ ಕಡೆ ಎಕ್ಸ್ ದಿಕ್ಕು ಬದಲಿಸಲೇಬೇಕು. ಆಗ ಮೋಟರ್ ತಿರುಗಿದರೂ ಗ್ಯಾಂಟ್ರಿ ಒಂದು ಕ್ಷಣ ಅಲ್ಲೇ ನಿಲ್ಲುತ್ತೆ, ವೈ ಮಾತ್ರ ಓಡುತ್ತೆ, ದುಂಡಗಿನ ಜಾಗದಲ್ಲಿ ನೆಟ್ಟಗೆ ಗೆರೆ ಬೀಳುತ್ತೆ. ನಮ್ಮ ಲಿಪಿಯ ತುಂಬ ದುಂಡು. ರೌಟರ್ ಪರೀಕ್ಷೆಗೆ ಕನ್ನಡದಷ್ಟು ಕಟ್ಟುನಿಟ್ಟಾದ ಮೇಷ್ಟ್ರು ಸಿಗೋದು ಕಷ್ಟ (ತೆಲುಗಿನವರು ಜಗಳಕ್ಕೆ ಬರಬಹುದು, ಬರಲಿ). ಕಪ್ಲಿಂಗ್ ಮೇಲಿನ ಮಾರ್ಕರ್ ಗೆರೆ ಎರಡು ತುಂಡಾಗಿತ್ತು, ಶಾಫ್ಟ್ ಮೇಲಿನ ಅರ್ಧ ಒಂದು ಕಡೆ, ಕಪ್ಲಿಂಗ್ ಮೇಲಿನ ಅರ್ಧ ಇನ್ನೊಂದು ಕಡೆ. ಗ್ರಬ್ ಸ್ಕ್ರೂ ಸಡಿಲವಾಗಿತ್ತು. ಆಲೆನ್ ಕೀ ಹಾಕಿ ಬಿಗಿ ಮಾಡೋಕೆ ಅರ್ಧ ನಿಮಿಷ.

ಇನ್ನು ನಮ್ಮ ಪಾಪದ ಕಥೆ. ಮುಂದಿನ ವಾರ ಎಕ್ಸ್ ಮೋಟರ್ ಗರ್ ಅಂತ ನಡುಗಿ ನಿಂತಲ್ಲೇ ನಿಂತಿತು. ಮೋಟರ್ ಕೆಟ್ಟಿದೆಯೋ ಡ್ರೈವರ್ ಕೆಟ್ಟಿದೆಯೋ ತಿಳಿಯೋಕೆ ಒಂದು ಒಳ್ಳೆ ಉಪಾಯ ಇದೆ. ಎಕ್ಸ್ ಮತ್ತು ವೈ ಮೋಟರ್ ವೈರುಗಳನ್ನು ಅದಲು ಬದಲು ಮಾಡಿ, ಕಾಯಿಲೆ ಯಾರ ಹಿಂದೆ ಹೋಗುತ್ತೆ ನೋಡೋದು. ಉಪಾಯ ಸರಿ. ಆದರೆ ಆತುರದಲ್ಲಿ ಮೇನ್ ಆಫ್ ಮಾಡದೇ ವೈರ್ ಎಳೆದೆವು. ಕರೆಂಟ್ ಹರಿಯುತ್ತಿರುವ ಮೋಟರ್ ಸುರುಳಿಯ ವೈರ್ ಕಿತ್ತರೆ ಏಳುವ ವೋಲ್ಟೇಜ್ ಡ್ರೈವರನ್ನೇ ತಿನ್ನುತ್ತೆ. ತಿಂದಿತು. ಆಮೇಲೆ ನೋಡಿದರೆ ಮೊದಲ ಕಾಯಿಲೆ ಕನೆಕ್ಟರ್‌ನಲ್ಲಿ ಸಡಿಲವಾಗಿದ್ದ ಒಂದೇ ಒಂದು ವೈರು. ಎರಡು ಸುರುಳಿಯಲ್ಲಿ ಒಂದಕ್ಕೆ ಕರೆಂಟ್ ಹೋಗದಿದ್ದರೆ ಮೋಟರ್ ಹಾಗೇ ನಡುಗುತ್ತೆ. ಡ್ರೈವರ್ ದುಡ್ಡು ನಾವೇ ಚಂದಾ ಎತ್ತಿ ಕೊಟ್ಟೆವು. ವರ್ಕ್‌ಶಾಪಿಗೆ ಮೂರು ವಾರ ಬೀಗ ಬಿತ್ತು. ಸರ್ ನಮ್ಮಿಂದ ಮಾತು ಕೇಳಬೇಕಾಯ್ತು, ಅದೇ ಇವತ್ತಿಗೂ ಚುಚ್ಚುತ್ತೆ. ರಾಜ್ಯೋತ್ಸವಕ್ಕೆ ಬಾಗಿಲ ಮೇಲೆ ಇದ್ದದ್ದು ಕೈಯಲ್ಲಿ ಬಣ್ಣ ಹಚ್ಚಿದ ಹಲಗೆ.

'ನೋಡಿದ್ರಾ, ಅದಕ್ಕೇ ಮುಟ್ಟಬೇಡಿ ಅಂದಿದ್ದು' ಅಂತ ಹಿರಿಯರು ಹೇಳಿದಾಗ ತಲೆ ತಗ್ಗಿಸಿದೆವು. ಅವರ ಭಯ ಸುಳ್ಳಲ್ಲ. ವಾರಂಟಿ ಇದೆ, ಲಕ್ಷಗಟ್ಟಲೆ ದುಡ್ಡಿದೆ, ಬೆರಳು ಹೋದರೆ ಮತ್ತೆ ಬರಲ್ಲ. ಸ್ಪಿಂಡಲ್ ನಡೆಸುವ ವಿಎಫ್‌ಡಿ ಡಬ್ಬಿಯನ್ನು ವಿದ್ಯಾರ್ಥಿಗಳು ಬಿಚ್ಚಲೇಬಾರದು ಅಂತ ನಾವೂ ಹೇಳ್ತೀವಿ. ಮೇನ್ ಆಫ್ ಮಾಡಿದ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತೆ. ಆದರೆ ನಾವು ಡ್ರೈವರ್ ಸುಟ್ಟಿದ್ದು ಮುಟ್ಟಿದ್ದರಿಂದಲೋ, ಮೂರು ವರ್ಷ ಯಾರೂ ಮುಟ್ಟೋದು ಹೇಗೆ ಅಂತ ಕಲಿಸದೇ ಇದ್ದದ್ದರಿಂದಲೋ? ಲ್ಯಾಬ್ ರೆಕಾರ್ಡ್‌ನಲ್ಲಿ ನಾವು ಬರೆದಿದ್ದು ಸಿಮ್ಯುಲೇಟರ್ ಮೇಲೆ ಓಡಿಸಿದ ಪ್ರೋಗ್ರಾಂ. ವೈವಾದಲ್ಲಿ ಕೇಳಿದ್ದು ಜಿ00ಗೂ ಜಿ01ಗೂ ಏನು ವ್ಯತ್ಯಾಸ ಅಂತ. ಸಿಮ್ಯುಲೇಟರ್‌ನಲ್ಲಿ ಗ್ರಬ್ ಸ್ಕ್ರೂ ಸಡಿಲ ಆಗಲ್ಲ. ಮೇನ್ ಆಫ್ ಮಾಡದೆ ಮೋಟರ್ ವೈರ್ ತೆಗೆಯಬಾರದು ಅನ್ನೋ ಒಂದು ಸಾಲು ಯಾವ ಪುಟದಲ್ಲೂ ಇರಲಿಲ್ಲ. 1953ರಲ್ಲಿ ಎಚ್‌ಎಂಟಿ ಶುರುವಾದ ಊರು ಬೆಂಗಳೂರು, ಇವತ್ತಿಗೂ ಪೀಣ್ಯದ ಶೆಡ್‌ಗಳಲ್ಲಿ ಮೆಷಿನ್ ನಿಂತರೆ ಮಾಲೀಕ ಸಂಬಳ ಕೊಡೋದು ಅದನ್ನ ಮತ್ತೆ ಓಡಿಸುವವನಿಗೆ. ನಾವು ಅಲ್ಲಿಗೆ ಹೋಗೋದು ಈ ರೆಕಾರ್ಡ್ ಹಿಡ್ಕೊಂಡು.

ಅದೂ ಅಲ್ಲದೆ ಈ ಮೆಷಿನ್‌ನಲ್ಲಿ ಮುಚ್ಚಿಡುವಂಥ ಗುಟ್ಟೇ ಇಲ್ಲ. ಕಂಟ್ರೋಲರ್‌ನಲ್ಲಿರೋದು ಜಿಆರ್‌ಬಿಎಲ್, ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಪ್ರೋಗ್ರಾಂ. $100 ಅಂದರೆ ಎಕ್ಸ್‌ನ ಪಲ್ಸ್ ಲೆಕ್ಕ, $101 ವೈ, $102 ಜೆಡ್. ಯಾರು ಬೇಕಾದರೂ ಓದಬಹುದು. ಬದಲಿಸುವ ಮುಂಚೆ ಹಳೇ ಅಂಕಿ ಬರೆದಿಟ್ಟುಕೊಂಡರೆ ಯಾವ ತಪ್ಪನ್ನೂ ವಾಪಸ್ ತರಬಹುದು.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಮೆಷಿನ್ ಜೋಡಿಸೋಕೆ ಸರ್ವಿಸ್‌ನವರು ಬಂದ ದಿನ ಬಾಗಿಲು ಹಾಕಬೇಡಿ, ನಾಲ್ಕು ಜನ ವಿದ್ಯಾರ್ಥಿಗಳು ಪಕ್ಕದಲ್ಲಿ ನಿಂತು ಪ್ರತಿ ಅಂಕಿಯನ್ನೂ ಬರೆದುಕೊಳ್ಳಲಿ. ಲ್ಯಾಬ್ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬೇಕಂತಲೇ ಕೆಡಿಸಿದ ಆಕ್ಸಿಸ್ ಆಗಿರಲಿ. ಗ್ರಬ್ ಸ್ಕ್ರೂ ಸಡಿಲ ಮಾಡಿಟ್ಟು, ಎಲ್ಲಿ ತಪ್ಪಿದೆ ಹುಡುಕಿ ಅನ್ನಿ, ಅಂಕ ಕೊಡೋದು ಹುಡುಕಿದ ದಾರಿಗೆ. ಇನ್ನೊಂದು, ಮೆಷಿನ್ ಪಕ್ಕದಲ್ಲಿ ಒಂದು ನೋಟ್‌ಬುಕ್ ನೇತಾಡಲಿ, ಕನ್ನಡದಲ್ಲಿ. ದಿನವೂ ಮೆಷಿನ್ ನಡೆಸೋರು ಇನ್‌ಸ್ಟ್ರಕ್ಟರ್ ಸರ್ ಮತ್ತು ಅವರ ಹೆಲ್ಪರ್. ಕಾಯಿಲೆ ಏನಿತ್ತು, ಏನು ಮಾಡಿದ್ವಿ ಅನ್ನೋದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕಲ್ವಾ? ಈ ನೋಟ್‌ಬುಕ್‌ಗೆ ಯಾರ ಅಪ್ಪಣೆಯೂ ಬೇಡ ಅಂತ ನಾವೇ ತಂದು ಕಟ್ಟಿದ್ದೀವಿ. ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿರೋದು 'ವೈರ್ ಮುಟ್ಟೋ ಮುಂಚೆ ಮೇನ್ ಆಫ್', ಕೆಳಗೆ ಸುಟ್ಟ ಡ್ರೈವರಿನ ಬೆಲೆ.

ಹೊಸ ಡ್ರೈವರ್ ಹಾಕಿ ಆಯ್ತು. ಎಕ್ಸ್, ವೈ ಎರಡೂ 300 ಮಿ.ಮೀ. ಅಂದ್ರೆ 300ಕ್ಕೇ ನಿಲ್ಲುತ್ತಿವೆ. ಜೆಡ್ ಮಾತ್ರ ಇನ್ನೂ ಸತಾಯಿಸ್ತಿದೆ. ಉದ್ದನೆ ಕೆಲಸ ಕೊಟ್ಟರೆ ಕೊನೆಕೊನೆಗೆ ಒಂದಿಷ್ಟು ಕೆಳಗಿಳಿದಿರುತ್ತೆ. ಸ್ಪಿಂಡಲ್ ಭಾರಕ್ಕೆ ಹೆಜ್ಜೆ ತಪ್ಪುತ್ತಿದೆ ಅಂತ ಅರ್ಧ ಜನ, ದಿಕ್ಕು ಬದಲಿಸುವಾಗ ಪಲ್ಸ್ ಸಿಗ್ನಲ್ ಉಲ್ಟಾ ಓದ್ತಿದೆ ಅಂತ ಇನ್ನರ್ಧ. ಮೊದಲು ವೇಗ ಮತ್ತು ಅಕ್ಸೆಲರೇಷನ್ ಅರ್ಧಕ್ಕಿಳಿಸಿ ನೋಡ್ತೀವಿ, ಬೇರೇನನ್ನೂ ಮುಟ್ಟದೆ. ಶನಿವಾರ ಎರಡು ಗಂಟೆಗೆ ವರ್ಕ್‌ಶಾಪಿಗೆ ಬನ್ನಿ, ಡಯಲ್ ಗೇಜ್ ಇರುವವರು ತನ್ನಿ. ಬೀಗದ ಕೈ ಸರ್ ಹತ್ರ ಇದೆ, ಚೀಟಿ ಇನ್ನೂ ಅಲ್ಲೇ ಇದೆ.