ಅಡಿಗೆಮನೆಯ ರಸಾಯನ: ಸಕ್ಕರೆ ಕಾಯಿಲೆಯ ನಾಯಿಗೆ ಏನು ಕೊಡೋಣ?

ಸದಸ್ಯರೊಬ್ಬರ ಮನೆಯ ನಾಯಿಗೆ ಒಂಬತ್ತನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಬಂದಿದೆ. "ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚುತ್ತೇವೆ. ಆದರೆ ನಾವು ಊಟಕ್ಕೆ ಕೂತರೆ ಮುಖವನ್ನೇ ನೋಡುತ್ತಾ ಕೂಡುತ್ತದೆ. ಏನು ಕೊಡೋಣ, ಸ್ವಾಮಿ?" ಎಂದು ಕೇಳಿದ್ದಾರೆ. ನಾನು ಪಶುವೈದ್ಯನಲ್ಲ. ಎಷ್ಟು ಕೊಡಬೇಕೆಂಬುದನ್ನು ವೈದ್ಯರೇ ಹೇಳಬೇಕು. ಯಾವುದು ಏಕೆ ಬೇಡ ಎಂಬುದಕ್ಕೆ ಮಾತ್ರ ರಸಾಯನಶಾಸ್ತ್ರ ಉತ್ತರ ಕೊಡಬಲ್ಲುದು.

ಈ ರೋಗದ ವಿಷಯದಲ್ಲಿ ನಾವು ನಾಯಿಗೆ ಋಣಿಗಳು. 1889ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಮಿಂಕೋವ್ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದರ ಮೂತ್ರದಲ್ಲಿ ಸಕ್ಕರೆ ಕಂಡಿತು. 1921ರಲ್ಲಿ ನಮ್ಮ ಟೊರಾಂಟೋದಲ್ಲಿಯೇ ಬ್ಯಾಂಟಿಂಗ್ ಮತ್ತು ಬೆಸ್ಟ್ ಅಂಥ ನಾಯಿಗಳಿಗೆ ಗ್ರಂಥಿಯ ಸಾರವನ್ನು ಕೊಟ್ಟು ಸಕ್ಕರೆಯನ್ನು ಇಳಿಸಿದರು.

ಆರೋಗ್ಯವಂತ ದೇಹವು ತಿಂದದ್ದಕ್ಕೆ ತಕ್ಕಂತೆ ಇನ್ಸುಲಿನ್ ಸುರಿಸುತ್ತದೆ. ಚುಚ್ಚುಮದ್ದಿಗೆ ಆ ವಿವೇಕವಿಲ್ಲ. ಅದರ ಅಳತೆ ಮೊದಲೇ ಗೊತ್ತಾಗಿರುತ್ತದೆ. ಆದ್ದರಿಂದ ಊಟದ ಅಳತೆಯೂ ಹೊತ್ತೂ ಗೊತ್ತಾಗಿರಬೇಕು. ನಡುವೆ ಕೊಟ್ಟ ಚಪಾತಿ ಚೂರು, ಮೊಸರನ್ನದ ತುತ್ತು ಈ ಲೆಕ್ಕವನ್ನು ಕೆಡಿಸುತ್ತವೆ. ಪಿಷ್ಟವೆಂದರೆ ಗ್ಲೂಕೋಸಿನ ಸರಪಳಿ ತಾನೆ! ಬೆಲ್ಲವಾದರೆ ಒಳ್ಳೆಯದೆಂಬ ಮಾತೂ ಇಲ್ಲಿ ನಡೆಯದು. ಬಣ್ಣ ಕಂದಾದರೂ ಅದು ಬಹುಪಾಲು ಸಕ್ಕರೆಯೇ.

ಹಾಗಾದರೆ "ಸಕ್ಕರೆರಹಿತ" ಎಂದು ಬರೆದದ್ದನ್ನು ಕೊಡಬಹುದಲ್ಲ? ಇದೇ ಎಲ್ಲಕ್ಕಿಂತ ಅಪಾಯದ ಯೋಚನೆ. ಅಂಥ ಚ್ಯೂಯಿಂಗ್ ಗಮ್, ಬಿಸ್ಕತ್ತು, ಕೆಲವು ಕಡಲೆಕಾಯಿ ಬೆಣ್ಣೆಗಳಲ್ಲಿ ಕ್ಸೈಲಿಟಾಲ್ ಇರಬಹುದು. "ಬರ್ಚ್ ಶುಗರ್" ಎಂಬುದೂ ಅದೇ. ಮನುಷ್ಯನಿಗೆ ಅದು ನಿರಪಾಯ. ಆದರೆ ಆರೋಗ್ಯವಂತ ನಾಯಿಯ ಗ್ರಂಥಿಯಿಂದ ಅದು ಇನ್ಸುಲಿನ್ನನ್ನು ಒಮ್ಮೆಲೇ ಹೊರಡಿಸಿ, ರಕ್ತದ ಸಕ್ಕರೆಯನ್ನು ಪಾತಾಳಕ್ಕೆ ಇಳಿಸುತ್ತದೆ. ದೇಹತೂಕದ ಕಿಲೋ ಒಂದಕ್ಕೆ 0.1 ಗ್ರಾಂ ಸಾಕು. ಹತ್ತು ಕಿಲೋ ನಾಯಿಗೆ ಒಂದೇ ಗ್ರಾಂ. ನಮ್ಮ ನಾಯಿಯ ಗ್ರಂಥಿ ಹೇಗೂ ಸೋತಿದೆಯೆಂದು ಧೈರ್ಯ ತಾಳಬೇಡಿ. ಪ್ರಮಾಣ ಹೆಚ್ಚಿದರೆ ಅದು ಯಕೃತ್ತನ್ನೇ ಕೆಡಿಸಬಲ್ಲುದು.

ನಮ್ಮ ಅಡಿಗೆಯಲ್ಲಿ ಇನ್ನೂ ಕೆಲವು ಶತ್ರುಗಳಿವೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪಾಯಸದ ದ್ರಾಕ್ಷಿ ಮೂತ್ರಪಿಂಡಕ್ಕೆ ವಿಷವಾಗಬಹುದು. ಅದರ ಟಾರ್ಟಾರಿಕ್ ಆಮ್ಲವೇ ಇದಕ್ಕೆ ಕಾರಣವಿರಬಹುದೆಂದು ಅಮೆರಿಕದ ಪಶುವೈದ್ಯರು 2021ರಲ್ಲಿ ಸೂಚಿಸಿದರು. ಆ ಆಮ್ಲ ಹುಣಿಸೆಹಣ್ಣಿನಲ್ಲಿ ಧಾರಾಳವಾಗಿದೆ! ಆದ್ದರಿಂದ ಸಾರು, ಹುಳಿ, ಪುಳಿಯೋಗರೆ ಯಾವ ನಾಯಿಗೂ ಬೇಡ. ತುಪ್ಪದ ಜಿಡ್ಡೂ ಬೇಡ. ಸಕ್ಕರೆ ಕಾಯಿಲೆಯ ನಾಯಿಗೆ ಮೇದೋಜೀರಕದ ಉರಿಯೂತ ಬೇಗ ತಗಲುತ್ತದೆ.

ಇನ್ನು ಕೊಡಬಹುದಾದದ್ದು. ಉಪ್ಪು, ಒಗ್ಗರಣೆ ಇಲ್ಲದೆ ಬೇಯಿಸಿದ ಹುರುಳಿಕಾಯಿ, ಸೌತೆಕಾಯಿಯ ಬಿಲ್ಲೆ. ಮಾಂಸ ತರುವ ಮನೆಯಾದರೆ ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಯ ಸಣ್ಣ ಚೂರು. ಎಲ್ಲ ಸೇರಿ ದಿನದ ಆಹಾರದ ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತನ್ನು ಮೀರದಿರಲಿ. ದಿನವೂ ಅದೇ ವಸ್ತು, ಅದೇ ತೂಕ, ಅದೇ ಹೊತ್ತು. ಊಟದ ಜೊತೆಗೇ ಕೊಟ್ಟರೆ ಲೆಕ್ಕ ಸುಲಭ.

ಒಂದೇ ಒಂದು ಸಂದರ್ಭದಲ್ಲಿ ಸಿಹಿಯೇ ಔಷಧಿ. ಇನ್ಸುಲಿನ್ ಕೊಟ್ಟ ನಾಯಿ ತೂರಾಡಿದರೆ, ನಡುಗಿದರೆ, ಬಸವಳಿದು ಬಿದ್ದರೆ ಸಕ್ಕರೆ ತೀರ ಇಳಿದಿರಬಹುದು. ಒಸಡಿಗೆ ಸ್ವಲ್ಪ ಜೇನುತುಪ್ಪ ಸವರಿ ಕೂಡಲೇ ವೈದ್ಯರಿಗೆ ಫೋನು ಮಾಡಿ. ನಾಯಿ ಸೆಳೆತದಲ್ಲಿದ್ದರೆ ಬಾಯಿಗೆ ಬೆರಳಿಡದೆ, ಫೋನನ್ನೇ ಮೊದಲು ಮಾಡಿ.

ಹಬ್ಬಕ್ಕೆ ಬಂದ ನೆಂಟರಿಗೂ ಮಕ್ಕಳಿಗೂ ಇದನ್ನೆಲ್ಲ ಮೊದಲೇ ಹೇಳಿಡಿ. "ಪಾಪ, ಒಂದು ಚೂರು ಹೋಳಿಗೆ" ಎನ್ನುವ ಕೈಯಲ್ಲಿ ಪ್ರೀತಿಯೇ ಇರುತ್ತದೆ. ಆ ಕೈಗೆ ಬೇಡವೆನ್ನುವ ಬದಲು ನಾಲ್ಕು ಹುರುಳಿಕಾಯಿ ಚೂರು ಕೊಟ್ಟುಬಿಡಿ. ನಾಯಿ ಬಾಲ ಅಲ್ಲಾಡಿಸುವುದು ಅದಕ್ಕೂ ಅಷ್ಟೇ.